ಕುಸ್ಕೋಗೆ ಹೋದ್ರೆ ಮೊದ್ಲು ಕೆಳಗಿಳೀರಿ

ಪೆರು ದೇಶದ ರಾಜಧಾನಿ ಲಿಮಾದಿಂದ ಕುಸ್ಕೋಗೆ ಫ್ಲೈಟಲ್ಲಿ ಹೆಚ್ಚೂಕಮ್ಮಿ ಒಂದೂಕಾಲು ಗಂಟೆ ಅಷ್ಟೇ. ಲಿಮಾ ಸಮುದ್ರದ ದಡದಲ್ಲಿರೋ ಊರು, ಕುಸ್ಕೋ ಆಂಡಿಸ್ ಬೆಟ್ಟಗಳ ನಡುವೆ ಸುಮಾರು 3,400 ಮೀಟರ್ ಎತ್ತರದಲ್ಲಿರೋ ಇಂಕಾಗಳ ಹಳೇ ರಾಜಧಾನಿ, ಅಂದ್ರೆ ಹತ್ತಿರತ್ತಿರ ನಮ್ಮ ಲೇಹ್‌ನಷ್ಟು ಎತ್ತರ. ಈ ಒಂದೂಕಾಲು ಗಂಟೇಲಿ ನಿಮ್ಮ ಬ್ಯಾಗು, ಕ್ಯಾಮೆರಾ, ನೀವು ಎಲ್ಲಾ ಮೇಲೆ ಬಂದಿರ್ತೀರಿ, ಆದ್ರೆ ನಿಮ್ಮ ರಕ್ತ ಇನ್ನೂ ಲಿಮಾದಲ್ಲೇ ಇರುತ್ತೆ. ಇದು ಗೊತ್ತಿದ್ದೂ ಎಷ್ಟೋ ಪ್ಯಾಕೇಜುಗಳಲ್ಲಿ ಮೊದಲನೇ ದಿನ ಮಧ್ಯಾಹ್ನ 3,700 ಮೀಟರ್‌ನ ಸಾಕ್ಸಾಯ್‌ವಮಾನ್ ಕೋಟೆ, ಎರಡನೇ ದಿನ 5,000 ಮೀಟರ್ ದಾಟೋ ರೇನ್‌ಬೋ ಮೌಂಟನ್ ಅಂತ ಬರ್ದಿರ್ತಾರೆ. ಇದನ್ನ ಪ್ಲಾನ್ ಮಾಡಿದೋರಿಗೆ ಶ್ವಾಸಕೋಶ ಇಲ್ವೇನೋ ಅನ್ಸುತ್ತೆ. ನನ್ನ ಪ್ರಕಾರ ಕುಸ್ಕೋ ಸುತ್ತ ಏನೇನು ನೋಡ್ಬೇಕು ಅನ್ನೋದಕ್ಕಿಂತ ಯಾವುದು ಮೊದ್ಲು ಯಾವುದು ಆಮೇಲೆ ಅನ್ನೋದು ಮುಖ್ಯ, ಅದನ್ನ ಹೇಳ್ಬೇಕಾಗಿರೋದು ಟ್ರಾವೆಲ್ ಏಜೆಂಟ್ ಅಲ್ಲ, ನಿಮ್ಮ ಕಿಡ್ನಿ.

ಅಲ್ಲಿ ಆಕ್ಸಿಜನ್ ಕಮ್ಮಿ ಅಂತ ಎಲ್ರೂ ಹೇಳ್ತಾರೆ. ಪೂರ್ತಿ ಸರಿಯಿಲ್ಲ ಅದು. ಗಾಳೀಲಿ ಆಕ್ಸಿಜನ್ ಪಾಲು ಅಲ್ಲೂ ಶೇ. 21, ಇಲ್ಲೂ ಶೇ. 21. ಕಮ್ಮಿಯಾಗೋದು ಗಾಳಿಯ ಒತ್ತಡ, ಕುಸ್ಕೋದಲ್ಲಿ ಅದು ಸಮುದ್ರಮಟ್ಟದ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ. ಹಾಗಾಗಿ ಪ್ರತಿ ಉಸಿರಿಗೂ ಒಳಗೆ ಹೋಗೋ ಆಕ್ಸಿಜನ್ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತೆ, ಬೆರಳಿಗೆ ಹಾಕೋ ಆಕ್ಸಿಮೀಟರ್ ಊರಲ್ಲಿ 97-98 ತೋರಿಸ್ತಿದ್ದದ್ದು ಇಲ್ಲಿ 90ರ ಆಸುಪಾಸಿಗೆ ಬರುತ್ತೆ. ಇದೇ ಕಾರಣಕ್ಕೆ ನೀರು ಕೂಡ 88-89 ಡಿಗ್ರಿಗೇ ಕುದ್ದುಬಿಡುತ್ತೆ, ಬೇಳೆ ಕಾಳು ಬೇಯೋಕೆ ಕುಕ್ಕರ್ ಇಲ್ದಿದ್ರೆ ಕಷ್ಟ.

ಈಗ ದೇಹ ಏನ್ಮಾಡುತ್ತೆ ನೋಡಿ. ಕುತ್ತಿಗೇಲಿ ಕ್ಯಾರೋಟಿಡ್ ರಕ್ತನಾಳ ಕವಲೊಡೆಯೋ ಜಾಗದಲ್ಲಿ ಅಕ್ಕಿಕಾಳಿನಷ್ಟು ದಪ್ಪದ ಒಂದು ಅಂಗ ಇದೆ, ರಕ್ತದಲ್ಲಿ ಆಕ್ಸಿಜನ್ ಇಳಿದ ತಕ್ಷಣ ಅದು ಮಿದುಳಿಗೆ ಸುದ್ದಿ ಮುಟ್ಟಿಸುತ್ತೆ, ಉಸಿರಾಟ ಜೋರಾಗುತ್ತೆ. ಆದ್ರೆ ಜೋರಾಗಿ ಉಸಿರಾಡಿದ್ರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಚೆ ಹೋಗಿ ರಕ್ತ ಕ್ಷಾರೀಯ ಆಗುತ್ತೆ, ಆಗ ಮಿದುಳಿನ ಇನ್ನೊಂದು ಭಾಗ 'ಸಾಕು ನಿಲ್ಸು' ಅಂತ ಬ್ರೇಕ್ ಹಾಕುತ್ತೆ. ಈ ಜಗಳ ರಾತ್ರಿ ಮಲಗಿದಾಗ ಚೆನ್ನಾಗಿ ಗೊತ್ತಾಗುತ್ತೆ, ಉಸಿರು ಏರ್ತಾ ಏರ್ತಾ ಹೋಗಿ ಕೆಲವು ಸೆಕೆಂಡ್ ನಿಂತೇಬಿಡುತ್ತೆ, ಬೆಚ್ಚಿ ಎಚ್ಚರ ಆಗುತ್ತೆ, ಮತ್ತೆ ಶುರು. ಜಗಳ ಬಿಡಿಸೋದು ಕಿಡ್ನಿ, ಹೆಚ್ಚಾದ ಬೈಕಾರ್ಬೊನೇಟನ್ನ ಮೂತ್ರದಲ್ಲಿ ಹೊರಹಾಕಿ ರಕ್ತವನ್ನ ಸಮಸ್ಥಿತಿಗೆ ತರುತ್ತೆ, ಆದ್ರೆ ಅದಕ್ಕೆ ಎರಡು ಮೂರು ದಿನ ಬೇಕು. ಎತ್ತರದ ಕಾಯಿಲೆಗೆ ಕೊಡೋ ಡೈಮಾಕ್ಸ್ ಮಾತ್ರೆ ಮಾಡೋದೂ ಇದೇ ಕೆಲಸವನ್ನ ಬೇಗ ಮಾಡ್ಸೋದು, ಅದಕ್ಕೇ ಅದನ್ನ ತಗೊಂಡ್ರೆ ಪದೇ ಪದೇ ಬಾತ್‌ರೂಮಿಗೆ ಓಡಾಟ (ಸಲ್ಫಾ ಅಲರ್ಜಿ ಇರೋರು ಡಾಕ್ಟರನ್ನ ಕೇಳದೆ ಮುಟ್ಬೇಡಿ). ಹೊಸ ಕೆಂಪು ರಕ್ತಕಣಗಳ ಕಥೆ ಬೇರೇನೇ, ಆರ್ಡರ್ ಕೆಲವೇ ಗಂಟೆಗಳಲ್ಲಿ ಹೋಗುತ್ತೆ, ಆದ್ರೆ ಮಾಲು ಬರೋಕೆ ವಾರಗಳು ಬೇಕು, ಅಷ್ಟೊತ್ತಿಗೆ ನೀವು ವಾಪಸ್ ಊರಲ್ಲಿರ್ತೀರಿ.

ತಲೆನೋವು, ವಾಕರಿಕೆ, ಊಟ ಬೇಡ ಅನ್ಸೋದು ಇದೆಲ್ಲಾ ಇಳಿದ ತಕ್ಷಣ ಬರಲ್ಲ, ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಆದ್ಮೇಲೆ ಬರುತ್ತೆ. ಮೋಸ ಆಗೋದು ಇಲ್ಲೇ. ಏರ್‌ಪೋರ್ಟಲ್ಲಿ 'ನಂಗೇನೂ ಆಗಿಲ್ವಲ್ಲ' ಅಂತ ಬೀಗಿ ಕುಸ್ಕೋದ ಸ್ಯಾನ್ ಬ್ಲಾಸ್ ಓಣಿಯ ಮೆಟ್ಟಿಲೆಲ್ಲಾ ಹತ್ತಿ ಬಂದೋರು ರಾತ್ರಿ ಹನ್ನೊಂದಕ್ಕೆ ಬಕೆಟ್ ಹಿಡ್ಕೊಂಡು ಕೂತಿರ್ತಾರೆ. ಎತ್ತರದ ಈ ಕಾಯಿಲೆ ಬಗ್ಗೆ ಹಳೇ ಬರಹಗಳಲ್ಲಿ ಹೆಸರಾದದ್ದು ಪೆರುವಿಂದಲೇ ಬಂತು, ಹೋಸೆ ದೆ ಅಕೋಸ್ತಾ ಅನ್ನೋ ಜೆಸ್ಯೂಟ್ ಪಾದ್ರಿ 1590ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಪರಿಯಕಾಕ ಅನ್ನೋ ಕಣಿವೆದಾರಿ ಹತ್ತುವಾಗ ಪಟ್ಟ ಪಾಡನ್ನ ಬರೆದು, ಅಲ್ಲಿನ ಗಾಳಿ ಮನುಷ್ಯನ ಉಸಿರಿಗೆ ಆಗದಷ್ಟು ತೆಳು ಅಂತ ಊಹಿಸ್ತಾನೆ. ವಾಯುಭಾರಮಾಪಕ ಇನ್ನೂ ಹುಟ್ಟೇ ಇರ್ಲಿಲ್ಲ ಆಗ!

ಹೋಟೆಲಲ್ಲಿ ಕಾಲಿಟ್ಟ ಕೂಡ್ಲೇ ಕೋಕಾ ಎಲೆ ಹಾಕಿದ ಬಿಸಿನೀರು ಕೊಡ್ತಾರೆ. ಕುಡೀರಿ, ಅಲ್ಲಿ ಅದು ಕಾನೂನುಬದ್ಧ, ಸ್ವಲ್ಪ ಗೆಲುವಾಗುತ್ತೆ. ಆದ್ರೆ ಎತ್ತರದ ಕಾಯಿಲೆಯನ್ನ ಅದು ತಡೆಯುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ, ಮತ್ತೆ ಒಂದು ಕಪ್ ಕುಡಿದ್ರೂ ಮೂತ್ರಪರೀಕ್ಷೇಲಿ ಕೊಕೇನ್ ಪಾಸಿಟಿವ್ ಬರಬಹುದು. ಕೆಲಸದ ಜಾಗದಲ್ಲಿ ಡ್ರಗ್ ಟೆಸ್ಟ್ ಇರೋರು ಯೋಚ್ನೆ ಮಾಡಿ, ಎಲೆ ಪ್ಯಾಕೆಟ್ಟನ್ನ ಸೂಟ್‌ಕೇಸಲ್ಲಿ ಹಾಕ್ಕೊಂಡು ಭಾರತಕ್ಕೆ ಮಾತ್ರ ತರಬೇಡಿ.

ಹಾಗಾದ್ರೆ ಏನ್ಮಾಡೋದು? ಏರ್‌ಪೋರ್ಟಿಂದ ನೇರ ಟ್ಯಾಕ್ಸಿ ಹಿಡಿದು ಉರುಬಂಬಾ ನದಿ ಕಣಿವೆಗೆ ಇಳೀರಿ, ಸೇಕ್ರೆಡ್ ವ್ಯಾಲಿ ಅಂತ ಬೋರ್ಡ್ ಹಾಕಿರ್ತಾರಲ್ಲ ಅದು. ಉರುಬಂಬಾ ಊರು 2,870 ಮೀಟರ್, ಒಯಾಂತಾಯ್‌ತಾಂಬೊ 2,800ರ ಹತ್ತಿರ. ದಾರೀಲಿ ರಸ್ತೆ ಸ್ವಲ್ಪ ಮೇಲೆ ಹೋಗಿ ಇಳಿಯುತ್ತೆ, ಅದಕ್ಕೆ ತಲೆಕೆಡಿಸ್ಕೋಬೇಡಿ, ಲೆಕ್ಕಕ್ಕೆ ಬರೋದು ಹೆಚ್ಚಾಗಿ ರಾತ್ರಿ ಎಲ್ಲಿ ಮಲಗ್ತೀರಿ ಅನ್ನೋದು. 3,000 ಮೀಟರ್ ದಾಟಿದ್ಮೇಲೆ ಮಲಗೋ ಎತ್ತರವನ್ನ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸ್ಬೇಡಿ ಅಂತ ಬೆಟ್ಟದ ವೈದ್ಯರು ಹೇಳೋದು.

ಈ ಕಣಿವೇಲಿ ನೋಡೋಕೆ ಅವಶೇಷಗಳು ಸಾಲುಸಾಲಾಗಿವೆ, ಆದ್ರೆ ನಂಗೆ ದೊಡ್ಡದು ಅನ್ಸೋದು ಆಲೂಗಡ್ಡೆ. ನಾವು ಪಲ್ಯ, ಸಾಗು, ಬೋಂಡ ಅಂತ ತಿನ್ನೋ ಆಲೂಗಡ್ಡೆಯನ್ನ ಏಳೆಂಟು ಸಾವಿರ ವರ್ಷಗಳ ಹಿಂದೆ ಬೆಳೆಯಾಗಿ ಪಳಗಿಸಿದ್ದು ಇದೇ ಆಂಡಿಸ್ ಜನ, ಟಿಟಿಕಾಕಾ ಸರೋವರದ ಸುತ್ತಮುತ್ತ. ಪಿಸಾಕ್ ಊರಿನ ಮೇಲಿನ ಬೆಟ್ಟದಲ್ಲಿ ಕೆಚುವಾ ಭಾಷೆಯ ಹಳ್ಳಿಯೋರು ಸೇರಿ 'ಆಲೂಗಡ್ಡೆ ಪಾರ್ಕ್' ಅಂತಲೇ ಮಾಡ್ಕೊಂಡು ಸಾವಿರಕ್ಕೂ ಮೇಲೆ ತಳಿ ಉಳಿಸ್ಕೊಂಡಿದ್ದಾರೆ, ನೇರಳೆ, ಕಪ್ಪು, ಗಂಟುಗಂಟಾಗಿ ಸಿಪ್ಪೆ ಸುಲಿಯೋಕೇ ಆಗದ್ದು, ಎಲ್ಲಾ ಥರದ್ದೂ. ಸಂತೇಲಿ ಸುಣ್ಣದ ಉಂಡೆ ಥರ ಬೆಳ್ಳಗೆ ಹಗುರಾಗಿರೋದು ಕಂಡ್ರೆ ಕೈಗೆತ್ತಿಕೊಂಡು ನೋಡಿ, ಅದೂ ಆಲೂಗಡ್ಡೆನೇ, ಮೊರಾಯಾ ಅಂತಾರೆ, ಕಪ್ಪು ಬಣ್ಣದ್ದಾದ್ರೆ ಚುನ್ಯೊ. ಜೂನ್ ತಿಂಗಳ ನೀರು ಹೆಪ್ಪುಗಟ್ಟೋ ಚಳಿಯ ರಾತ್ರಿಗಳಲ್ಲಿ ಆಲೂಗಡ್ಡೆಯನ್ನ ಬಯಲಲ್ಲಿ ಹರಡ್ತಾರೆ, ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳೆಲ್ಲಾ ಒಡೆಯುತ್ತೆ, ಬೆಳಗ್ಗೆ ಬಿಸಿಲಿಗೆ ಕರಗಿದ್ಮೇಲೆ ಬರಿಗಾಲಲ್ಲಿ ತುಳಿದು ನೀರು ಹಿಂಡ್ತಾರೆ, ಹೀಗೆ ಕೆಲವು ದಿನ. ಎತ್ತರದ ಒಣಗಾಳಿ ಉಳಿದ ತೇವ ಎಳ್ಕೊಳ್ಳುತ್ತೆ. ಕಹಿ ಜಾತಿಯ ಆಲೂಗಡ್ಡೇಲಿರೋ ವಿಷಕಾರಿ ಆಲ್ಕಲಾಯ್ಡ್‌ಗಳೂ ಹಿಂಡಿದ ನೀರಿನ ಜೊತೆ ಹೋಗುತ್ತೆ, ಮೊರಾಯಾ ಆದ್ರೆ ಹರಿಯೋ ನೀರಲ್ಲಿ ಬೇರೆ ನೆನೆಹಾಕ್ತಾರೆ. ಆಮೇಲೆ ವರ್ಷಗಟ್ಟಲೆ ಕೆಡಲ್ಲ. ಇಂಕಾ ಸೈನ್ಯ ನಡೀತಿದ್ದದ್ದೇ ಈ ಉಗ್ರಾಣದ ಬಲದ ಮೇಲೆ.

ಒಯಾಂತಾಯ್‌ತಾಂಬೊದಿಂದಲೇ ರೈಲು ಹಿಡಿದು ಮಾಚು ಪಿಚು ಮುಗಿಸ್ಕೊಳ್ಳಿ. ಎಷ್ಟೋ ಜನಕ್ಕೆ ಅದು ಕುಸ್ಕೋಗಿಂತ ಎತ್ತರದಲ್ಲಿದೆ ಅನ್ನೋ ಕಲ್ಪನೆ, ಇರೋದು 2,430 ಮೀಟರ್, ಕುಸ್ಕೋಗಿಂತ ಹತ್ತಿರತ್ತಿರ ಒಂದು ಕಿಲೋಮೀಟರ್ ಕೆಳಗೆ! ಫೋಟೋ ಬಗ್ಗೆ ಹೇಳೋದೇ ಬೇಡ, ಎಲ್ರ ಹತ್ರನೂ ಅದೇ ಫೋಟೋ ಇದೆ. ಕಾಣದಿರೋದನ್ನ ಹೇಳ್ತೀನಿ. ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಬೀಳೋ ಕಡಿದಾದ ಬೆಟ್ಟದ ನೆತ್ತಿ ಅದು, ಐನೂರು ವರ್ಷದಲ್ಲಿ ಜಾರಿ ನದಿಗೆ ಬೀಳ್ಬೇಕಿತ್ತು. ಬಿದ್ದಿಲ್ಲ ಯಾಕಂದ್ರೆ ಹಸಿರು ಹುಲ್ಲಿನ ಕೆಳಗೆ ಜಲ್ಲಿ, ಚಕ್ಕೆಕಲ್ಲು ತುಂಬಿ ನೀರು ಇಂಗಿ ಹೋಗೋ ಹಾಗೆ ಮಾಡಿದ್ದಾರೆ. ಜಲ ಎಂಜಿನಿಯರ್ ಕೆನೆತ್ ರೈಟ್ ತಂಡದ ಅಂದಾಜಲ್ಲಿ ಅಲ್ಲಿ ನಡೆದಿರೋ ಒಟ್ಟು ಕೆಲಸದಲ್ಲಿ ಶೇ. 60ರಷ್ಟು ನೆಲದೊಳಗೇ ಇದೆ.

ವಾಪಸ್ ಬರ್ತಾ ಮಾರಸ್, ಮೊರಾಯ್, ಚಿಂಚೇರೊ ಈ ಮೂರನ್ನ ಒಂದೇ ದಿನ ನೋಡ್ಕೊಂಡು ಕುಸ್ಕೋಗೆ ಏರಬಹುದು. ಮಾರಸ್ಸಲ್ಲಿ ಬೆಟ್ಟದ ಇಳಿಜಾರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಉಪ್ಪಿನಾಗರದ ಪಾತಿಗಳು, ಒಂದೊಂದೂ ಒಂದು ಸಣ್ಣ ಕೋಣೆಯಷ್ಟು. ಸಮುದ್ರದಿಂದ ಇಷ್ಟು ದೂರ, ಇಷ್ಟು ಮೇಲೆ ಉಪ್ಪೆಲ್ಲಿಂದ ಬಂತು ಅಂದ್ರೆ, ಕೋಟ್ಯಂತರ ವರ್ಷಗಳ ಹಿಂದೆ ಉಪ್ಪುನೀರು ಆವಿಯಾಗಿ ಉಳಿದ ಪದರ ಆಂಡಿಸ್ ಎದ್ದಾಗ ಜೊತೆಗೇ ಎದ್ದು ಬಂದಿದೆ, ಅದನ್ನ ತೊಳ್ಕೊಂಡು ಬರೋ ಒಂದೇ ಒಂದು ಸಣ್ಣ ಬುಗ್ಗೆ ಅಷ್ಟೂ ಪಾತಿಗೆ ನೀರುಣಿಸುತ್ತೆ. ಇಂಕಾಗಳಿಗಿಂತ ಮುಂಚಿನಿಂದ ನಡೀತಿದೆ, ಪಾತಿಗಳು ಈಗಲೂ ಅಕ್ಕಪಕ್ಕದ ಹಳ್ಳಿ ಕುಟುಂಬಗಳದ್ದೇ. ಬಿಸಿಲ ಕಾಲದಲ್ಲಿ ಹೋದ್ರೆ ಬಿಳಿ, ಮಳೆಗಾಲದಲ್ಲಿ ಹೋದ್ರೆ ಕೆಸರು ಬಣ್ಣ, ಬೇಜಾರ್ ಮಾಡ್ಕೋಬೇಡಿ.

ಮೊರಾಯ್ ಅಂದ್ರೆ ನೆಲದೊಳಗೆ ಇಳಿಯೋ ದುಂಡನೆ ಮೆಟ್ಟಿಲು ಗದ್ದೆಗಳು. ಗೈಡುಗಳು 'ಇದು ಇಂಕಾಗಳ ಕೃಷಿ ಲ್ಯಾಬ್, ಮೇಲಿಂದ ಕೆಳಗೆ 15 ಡಿಗ್ರಿ ವ್ಯತ್ಯಾಸ' ಅಂತ ಒಂದೇ ಉಸಿರಲ್ಲಿ ಹೇಳ್ಬಿಡ್ತಾರೆ. ತಗ್ಗಿನ ಗದ್ದೆಗೆ ಗಾಳಿ ಕಮ್ಮಿ, ಬಿಸಿಲು ಬೀಳೋ ಕೋನ ಬೇರೆ, ಹಾಗಾಗಿ ಮೆಟ್ಟಿಲಿಂದ ಮೆಟ್ಟಿಲಿಗೆ ಮಣ್ಣಿನ ಬಿಸಿ ಬದಲಾಗೋದು ನಿಜ, ಲ್ಯಾಬ್ ಅನ್ನೋದು ಮಾನವಶಾಸ್ತ್ರಜ್ಞ ಜಾನ್ ಅರ್ಲ್ಸ್ ಬೆಳೆಸಿದ ವಾದ, ಚೆನ್ನಾಗಿದೆ. ಆದ್ರೆ ಇಂಕಾಗಳು ಬರೆದಿಟ್ಟೋರಲ್ಲ, ದಾರದ ಗಂಟಲ್ಲಿ ಲೆಕ್ಕ ಇಟ್ಟೋರು, ಪ್ರಯೋಗದ ದಾಖಲೆ ಅಂತ ಯಾವ್ದೂ ಸಿಕ್ಕಿಲ್ಲ. ನಾನು ಅದನ್ನ ಒಳ್ಳೇ ಊಹೆ ಅಂತ ಇಟ್ಕೊಂಡಿದ್ದೀನಿ, ಅಷ್ಟೇ.

ಚಿಂಚೇರೊದಲ್ಲಿ ನೇಯ್ಗೆ ಹೆಂಗಸರು ತೋರಿಸೋ ಡೆಮೊ ಪ್ರವಾಸಿಗರಿಗೆ ಅಂತಲೇ ಮಾಡಿರೋದು, ಆದ್ರೂ ಬಿಡ್ಬೇಡಿ, ಯಾಕಂದ್ರೆ ಅದು ಪೂರಾ ಕೆಮಿಸ್ಟ್ರಿ ಕ್ಲಾಸು. ಪಾಪಸುಕಳ್ಳಿ ಮೇಲೆ ಬೂಷ್ಟು ಹಿಡಿದ ಹಾಗೆ ಕೂತಿರೋ ಕೊಚಿನೀಲ್ ಹುಳ ಒಂದನ್ನ ತೆಗೆದು ಅಂಗೈಯಲ್ಲಿ ಅರೀತಾರೆ, ಕಡುಗೆಂಪು. ಅದರ ಮೇಲೆ ನಿಂಬೆಹುಳಿ ಹಿಂಡ್ತಾರೆ, ನೋಡ್ತಿದ್ದ ಹಾಗೇ ಕಿತ್ತಳೆಗೆ ತಿರುಗುತ್ತೆ. ಕ್ಷಾರ ಸೇರಿಸಿದ್ರೆ ನೇರಳೆ ಕಡೆಗೆ. ಹುಳದೊಳಗಿನ ಕಾರ್ಮಿನಿಕ್ ಆಮ್ಲ ಹುಳಿಗೊಂದು ಬಣ್ಣ ಕ್ಷಾರಕ್ಕೊಂದು ಬಣ್ಣ ತೋರಿಸುತ್ತೆ, ಸ್ಕೂಲಲ್ಲಿ ಲಿಟ್ಮಸ್ ಮಾಡಿದ್ದೀರಲ್ಲ ಅದೇ ವಿಷ್ಯ. ವಿದೇಶಿ ತಿಂಡಿ ಪ್ಯಾಕೆಟ್ ಮೇಲೆ ಇ120 ಅಂತ ಬರ್ದಿದ್ರೆ ಅದು ಇದೇ ಹುಳದ ಬಣ್ಣ, ಸಸ್ಯಾಹಾರಿಗಳು ಓದ್ಕೊಳ್ಳಿ.

ಇಷ್ಟೊತ್ತಿಗೆ ನಿಮ್ಮ ಕಿಡ್ನಿ ಕೆಲಸ ಮುಗ್ಸಿರುತ್ತೆ, ಈಗ ಕುಸ್ಕೋ ಓಣಿಗಳಲ್ಲಿ ಆರಾಮಾಗಿ ಓಡಾಡಿ. ಇಂಕಾಗಳ ಕೊರಿಕಾಂಚಾ ದೇವಸ್ಥಾನದ ಮೇಲೆ ಸ್ಪೇನಿನೋರು ಸಾಂತೊ ದೊಮಿಂಗೊ ಚರ್ಚು ಕಟ್ಟಿದ್ರು. 1950ರ ಮೇ 21ರಂದು ಭೂಕಂಪ ಆದಾಗ ಚರ್ಚಿನ ಕಟ್ಟಡ ಜಖಂ ಆಯ್ತು, ಗಾರೆ ಉದುರಿ ಒಳಗೆ ಅಡಗಿದ್ದ ಇಂಕಾ ಗೋಡೆಗಳು ಅಲುಗಾಡದೆ ನಿಂತಿದ್ದು ಕಂಡ್ವು. ಗಾರೆ ಇಲ್ದೆ ಕಲ್ಲಿಗೆ ಕಲ್ಲು ಕೂರಿಸಿರೋದ್ರಿಂದ ಕಂಪನ ಬಂದಾಗ ಕಲ್ಲುಗಳು ಒಂದಕ್ಕೊಂದು ಉಜ್ಜಿ ಶಕ್ತಿಯನ್ನ ತಿಂದುಹಾಕ್ತವೆ, ಗೋಡೆಗಳು ಒಳಕ್ಕೆ ವಾಲಿವೆ, ಬಾಗಿಲು ಕಿಟಕಿ ಎಲ್ಲಾ ಮೇಲಕ್ಕೆ ಹೋಗ್ತಾ ಕಿರಿದಾಗ್ತವೆ. ಇಷ್ಟು ನೀಟಾಗಿ ಹೆಂಗೆ ಕೆತ್ತಿದ್ರು ಅಂದ್ರೆ ಏಲಿಯನ್ನು ಅನ್ನೋರಿಗೆ ಒಂದು ಮಾತು: ವಾಸ್ತುಶಿಲ್ಪಿ ಜೀನ್-ಪಿಯರ್ ಪ್ರೊಟ್ಜೆನ್ ಎಂಬತ್ತರ ದಶಕದಲ್ಲಿ ರುಮಿಕೊಲ್ಕಾ ಕಲ್ಲುಗಣೀಲಿ ಸಿಗೋ ಗಟ್ಟಿ ಗುಂಡುಕಲ್ಲುಗಳನ್ನೇ ತಗೊಂಡು ಆಂಡಿಸೈಟ್ ಕಲ್ಲನ್ನ ಕುಟ್ಟಿ ಕುಟ್ಟಿ ಸಪಾಟು ಮಾಡಿ ತೋರಿಸಿದ್ರು. ಕಬ್ಬಿಣ ಬೇಕಾಗ್ಲಿಲ್ಲ, ತಾಳ್ಮೆ ಬೇಕಾಯ್ತು. ಸಾಕ್ಸಾಯ್‌ವಮಾನಲ್ಲಿ ನೂರು ಟನ್ ದಾಟೋ ಸುಣ್ಣಕಲ್ಲುಗಳನ್ನ ಎಳೆದು ತಂದದ್ದು ಮಾತ್ರ ಈಗಲೂ ತಲೆ ತಿನ್ನುತ್ತೆ.

ಇಲ್ಲಿನೋರು ಹೇಗೆ ಬದುಕ್ತಾರೆ ಅಂತ ಕೇಳಿದ್ರೆ, ಅವರ ಎದೆಗೂಡು ದೊಡ್ಡದು, ರಕ್ತದಲ್ಲಿ ಹಿಮೋಗ್ಲೋಬಿನ್ ಜಾಸ್ತಿ. ಆದ್ರೆ ಅತಿಯಾದ್ರೆ ರಕ್ತ ಗಟ್ಟಿಯಾಗಿ ಅದೇ ಇನ್ನೊಂದು ಕಾಯಿಲೆ ಆಗುತ್ತೆ, ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ 1920ರ ದಶಕದಲ್ಲಿ ಇದನ್ನ ಗುರುತಿಸಿದ್ರು, ಇವತ್ತಿಗೂ ಮೊಂಗೆ ಕಾಯಿಲೆ ಅಂತಲೇ ಹೆಸರು. ಮಜಾ ಏನಂದ್ರೆ ಟಿಬೆಟಿನೋರು ಅಷ್ಟೇ ಎತ್ತರಕ್ಕೆ ಬೇರೆ ದಾರಿ ಹಿಡಿದ್ರು. ಅವರಲ್ಲಿ ಬಹುಪಾಲು ಜನಕ್ಕಿರೋ ಇಪಿಎಎಸ್1 ಅನ್ನೋ ಜೀನಿನ ಒಂದು ರೂಪ, ಅಳಿದುಹೋದ ಡೆನಿಸೋವನ್ ಮಾನವರಿಂದ ಬಂದದ್ದು, ಹಿಮೋಗ್ಲೋಬಿನ್ ವಿಪರೀತ ಏರದ ಹಾಗೆ ನೋಡ್ಕೊಳ್ಳುತ್ತೆ. ಬೈಲುಕುಪ್ಪೆಯಲ್ಲಿ ಹುಟ್ಟಿ ಬೆಟ್ಟದ ಮುಖ ನೋಡದಿರೋ ಟಿಬೆಟನ್ ಹುಡುಗರಲ್ಲೂ ಇದೇ ಜೀನ್ ಇರುತ್ತೆ. ಲಾಮಾಗಳದ್ದು ಮೂರನೇ ದಾರಿ, ಅವುಗಳ ಹಿಮೋಗ್ಲೋಬಿನ್ನೇ ಆಕ್ಸಿಜನ್ನನ್ನ ನಮ್ಮದಕ್ಕಿಂತ ಬಿಗಿಯಾಗಿ ಹಿಡ್ಕೊಳ್ಳುತ್ತೆ.

ಟಿಕೆಟ್ ವಿಷ್ಯ: ಬೊಲೆತೊ ತುರಿಸ್ತಿಕೊ ಅಂತ ಒಂದು ಕಾಂಬೋ ಟಿಕೆಟ್ಟಿದೆ, ಹತ್ತು ದಿನ ನಡೆಯುತ್ತೆ, ಸಾಕ್ಸಾಯ್‌ವಮಾನ್, ಪಿಸಾಕ್, ಮೊರಾಯ್ ಎಲ್ಲಾ ಅದರಲ್ಲಿ ಬರುತ್ತೆ. ಮಾರಸ್ ಉಪ್ಪಿನಾಗರ, ಮಾಚು ಪಿಚು ಬರಲ್ಲ. ಅದೇ ಟಿಕೆಟ್ಟಲ್ಲಿ ತಿಪೋನ್ ಅನ್ನೋ ಜಾಗ ಇದೆ, ಇಂಕಾ ಕಾಲದ ನೀರಿನ ಕಾಲುವೆಗಳು ಇವತ್ತೂ ಹರೀತಿವೆ, ಜನ ಕಮ್ಮಿ, ಯಾಕೆ ಹೋಗಲ್ವೋ ಗೊತ್ತಿಲ್ಲ.

ಕೊನೇಗೆ ವಿನಿಕುಂಕಾ, ಅದೇ ರೇನ್‌ಬೋ ಮೌಂಟನ್. ಆ ಬಣ್ಣಗಳೆಲ್ಲಾ ಖನಿಜಗಳದ್ದು, ಕೆಂಪು ಹೆಮಟೈಟು, ಹಳದಿ ಗೋಥೈಟು, ಹಸಿರು ಕ್ಲೋರೈಟು, ಮೊದಲೆರಡೂ ಕಬ್ಬಿಣ ತುಕ್ಕು ಹಿಡಿದ ರೂಪಗಳೇ. ಮಟ್ಟವಾಗಿ ಕೂತಿದ್ದ ಕೆಸರು ಪದರಗಳು ಬೆಟ್ಟ ಏಳುವಾಗ ಓರೆಯಾಗಿ ನಿಂತಿದ್ರಿಂದ ಪಟ್ಟೆಪಟ್ಟೆಯಾಗಿ ಕಾಣ್ತವೆ. ಇಂಟರ್ನೆಟ್ ಫೋಟೋಗಳಲ್ಲಿ ಬಣ್ಣ ಎಳೆದಿರ್ತಾರೆ, ಕಣ್ಣಿಗೆ ಅಷ್ಟು ಗಾಢ ಇಲ್ಲ. ಬೆಳಗಿನ ಜಾವ ಮೂರ್ನಾಲ್ಕು ಗಂಟೆಗೆ ವ್ಯಾನು ಹತ್ತಿಸ್ತಾರೆ, ಅಲ್ಲಿ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಹತ್ತು ಹೆಜ್ಜೆಗೊಮ್ಮೆ ನಿಲ್ಬೇಕು, ಬಿಸಿಲು ಬೇರೆ, ಪ್ರತಿ ಸಾವಿರ ಮೀಟರ್‌ಗೆ ಯುವಿ ಸುಮಾರು ಶೇ. 10ರಷ್ಟು ಏರುತ್ತೆ, ಚಳೀಲಿ ನಡುಗ್ತಾನೇ ಮುಖ ಸುಟ್ಕೋತೀರಿ. ಕುದುರೆ ಬಾಡಿಗೆಗೆ ಸಿಗುತ್ತೆ, ನಾಚ್ಕೋಬೇಡಿ. ನಡೆಯೋಕೆ ಕಷ್ಟ ಅನ್ನೋರು ಪಾಲ್‌ಕೊಯೊ ಕಡೆ ಹೋಗಬಹುದು, ಅದೂ ಎತ್ತರದ್ದೇ, ಆದ್ರೆ ನಡಿಗೆ ಚಿಕ್ಕದು. ಹಿಂದಿನ ರಾತ್ರಿ ತಲೆನೋವಿದ್ರೆ ಟಿಕೆಟ್ ದುಡ್ಡು ಹೋದ್ರೂ ಪರ್ವಾಗಿಲ್ಲ, ಹೋಗ್ಬೇಡಿ. ಮತ್ತೆ ಮೇಲೆ ಹೋದಾಗ ಜೊತೇಲಿದ್ದೋರು ಕುಡಿದವರ ಥರ ತೂರಾಡಿದ್ರೆ, ಅಥವಾ ಸುಮ್ನೆ ಕೂತಿದ್ರೂ ಏದುಸಿರು ಬಿಡ್ತಾ ಕೆಮ್ಮಿದ್ರೆ, ಅದು ಸುಸ್ತಲ್ಲ, ಮಿದುಳಲ್ಲಿ ಇಲ್ಲಾ ಶ್ವಾಸಕೋಶದಲ್ಲಿ ನೀರು ಸೇರ್ತಿರೋ ಲಕ್ಷಣ, ಫೋಟೋ ಗೀಟೋ ಬಿಟ್ಟು ತಕ್ಷಣ ಕೆಳಗೆ ಕರ್ಕೊಂಡು ಬನ್ನಿ.