ಲೋಡ್ ಗಾಡಿಗೆ ಯಾವ ಬ್ರೇಕ್ ಪ್ಯಾಡ್?

‘ಅಣ್ಣಾ, ಪೆಡಲ್ ಕಲ್ಲಿನಂಗ ಗಟ್ಟಿ ಐತಿ, ಗಾಡಿ ಮಾತ್ರ ನಿಂದ್ರವಲ್ದು.’

ನಿಪ್ಪಾಣಿ ಕಡೆಯಿಂದ ಪುಣೆಯ ಮಾರ್ಕೆಟ್ ಯಾರ್ಡ್‌ಗೆ ಬೆಲ್ಲ ತರುವ ಹುಡುಗ ನನ್ನ ಗ್ಯಾರೇಜಿಗೆ ಬಂದು ಹೀಗೆ ಹೇಳಿದ. ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಬ್ರಿಡ್ಜ್ ಕಡೆ ಇಳಿಯುವಾಗ ಹಾಗಾಗಿತ್ತು. 2022ರ ನವೆಂಬರಿನಲ್ಲಿ ಒಂದೇ ಟ್ರಕ್ ಹತ್ತಾರು ಗಾಡಿಗಳಿಗೆ ಗುದ್ದಿದ್ದು ಅದೇ ಇಳಿಜಾರಿನಲ್ಲಿ. ಕೇಳಿ ನನಗೆ ಎದೆ ಝಲ್ಲೆಂದಿತು.

ಪೆಡಲ್ ಮೆತ್ತಗಾಗಿ ಕೆಳಗಿಳಿದಿದ್ದರೆ ಬ್ರೇಕ್ ಆಯಿಲ್ ಕುದ್ದು ಗುಳ್ಳೆ ಎದ್ದಿದೆ ಅಂತ ಮೊದಲು ಅನುಮಾನ ಪಡುತ್ತಿದ್ದೆ. ಇಲ್ಲಿ ಪೆಡಲ್ ಗಟ್ಟಿ ಇತ್ತು. ಪೆಡಲ್ ತುಳಿದ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ನೋಡಿದೆ, ಸರಿಯಿತ್ತು. ಮುಂದಿನ ಚಕ್ರ ಬಿಚ್ಚಿದರೆ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡಿನ ಮೈ ಅತಿಯಾಗಿ ಕಾದು ಗಾಜಿನ ಹಾಗೆ ಹೊಳೆಯುತ್ತಿತ್ತು. ‘ಸದ್ದು ಮಾಡಲ್ಲ, ರೇಟೂ ಕಡಿಮೆ’ ಅಂತ ಯಾರೋ ಕೊಟ್ಟ ಮೆತ್ತನೆಯ ಆರ್ಗಾನಿಕ್ ಪ್ಯಾಡ್, ಅಂದರೆ ನಾರುಗಳನ್ನು ಅಂಟಿನಿಂದ ಕಟ್ಟಿ ಮಾಡಿದ್ದು.

ಒಂದು ಲೆಕ್ಕ ನೋಡಿ. ಲೋಡ್ ಸೇರಿ 3 ಟನ್ ತೂಗುವ ಪಿಕಪ್ 300 ಮೀಟರ್ ಎತ್ತರದಿಂದ ಬರೀ ಬ್ರೇಕ್ ಮೇಲೆ ಇಳಿದರೆ, ಹುಟ್ಟುವ ಶಾಖದಲ್ಲಿ ಸುಮಾರು 28 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಷ್ಟೂ ಬಿಸಿ ಅಂಗೈಯಗಲದ ಪ್ಯಾಡ್, ಡಿಸ್ಕ್, ಡ್ರಮ್‌ಗಳ ಮೇಲೆ ಬೀಳುತ್ತದೆ. ಆರ್ಗಾನಿಕ್ ಪ್ಯಾಡಿನಲ್ಲಿರುವ ಅಂಟು ಅತಿಯಾಗಿ ಕಾದಾಗ ಗ್ಯಾಸ್ ಬಿಡುತ್ತದೆ, ಹಿಡಿತ ಜಾರುತ್ತದೆ. ಊರೊಳಗೆ ಓಡಾಡುವ ಕಾರಿಗೆ ಅದು ಸಾಕು. ಘಾಟ್ ಇಳಿಯುವ ಲೋಡ್ ಗಾಡಿಗೆ ಸಾಲದು.

ಹಾಗಾದರೆ ಪಿಂಗಾಣಿ ಜಾತಿಯ ಎಳೆಗಳ ದುಬಾರಿ ಸೆರಾಮಿಕ್ ಪ್ಯಾಡ್ ಹಾಕಲಾ ಅಂತ ಕೇಳುತ್ತಾರೆ. ಸೆರಾಮಿಕ್ ಸದ್ದು ಮಾಡುವುದಿಲ್ಲ, ಚಕ್ರಕ್ಕೆ ಕಪ್ಪು ಪುಡಿ ಮೆತ್ತುವುದೂ ಕಡಿಮೆ. ಮನೆ ಕಾರಿಗೆ ನಾನೇ ಹಾಕಿಸುತ್ತೇನೆ. ಆದರೆ ದಿನವೂ ಭಾರ ಹೊರುವ ಪಿಕಪ್‌ಗೆ ನನ್ನ ಆಯ್ಕೆ ಸೆಮಿ ಮೆಟಾಲಿಕ್. ಅದರಲ್ಲಿ ಉಕ್ಕಿನ ಎಳೆ, ಕಬ್ಬಿಣದ ಪುಡಿ ಜಾಸ್ತಿ. ಬಿಸಿಯನ್ನು ಒಂದೇ ಕಡೆ ನಿಲ್ಲಿಸದೆ ಹರಡುತ್ತದೆ, ಕಾದಾಗಲೂ ಹಿಡಿಯುತ್ತದೆ. ಬೆಳಿಗ್ಗೆ ಮೊದಲ ಒಂದೆರಡು ಬ್ರೇಕ್‌ಗೆ ಸ್ವಲ್ಪ ಮಂದ ಅನಿಸಬಹುದು. ಕೊಂಚ ಕಿರುಗುಟ್ಟುತ್ತದೆ, ಡಿಸ್ಕನ್ನೂ ಬೇಗ ಸವೆಸುತ್ತದೆ. ಇಷ್ಟನ್ನು ಒಪ್ಪಿಕೊಳ್ಳಲೇಬೇಕು.

ಡಬ್ಬಿ ಮೇಲಿನ ಹೆಸರನ್ನಷ್ಟೇ ನಂಬಬೇಡಿ. ತುಂಬಾ ಪ್ಯಾಡ್‌ಗಳ ಅಂಚಿನಲ್ಲೋ ಹಿಂಬದಿಯಲ್ಲೋ ಎರಡು ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ ಎಷ್ಟು ಹಿಡಿಯುತ್ತದೆ ಅನ್ನೋದು, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು ಅನ್ನೋದು. ‘ಇ’ ಅಂದರೆ ಘರ್ಷಣೆಯ ಅಳತೆ (ಹೆಚ್ಚಿದಷ್ಟೂ ಹಿಡಿತ ಜಾಸ್ತಿ) 0.25ರಿಂದ 0.35, ‘ಎಫ್’ ಅಂದರೆ 0.35ರಿಂದ 0.45. ‘ಎಫ್‌ಇ’ ಇದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಅಂತ ಅಲ್ಲೇ ಬರೆದ ಹಾಗಾಯಿತು, ಅಲ್ವಾ? ಲೋಡ್ ಗಾಡಿಗೆ ನಾನು ‘ಎಫ್‌ಎಫ್’ಗಿಂತ ಕಡಿಮೆ ಹಾಕುವುದಿಲ್ಲ.

ಪ್ಯಾಡ್ ಒಂದನ್ನೇ ಬದಲಿಸಿ ಸುಮ್ಮನಾದರೂ ಆಗದು. ಹಿಂದಿನ ಚಕ್ರದ ಡ್ರಮ್ಮಿಗೆ ಒಳಗಿನಿಂದ ಉಜ್ಜಿ ಹಿಡಿಯುವ ಲೈನರ್ ಸವೆದಿದ್ದರೆ ಅದರ ಕೆಲಸವೂ ಮುಂದಿನ ಪ್ಯಾಡ್ ಮೇಲೇ ಬೀಳುತ್ತದೆ. ಹಿಂದಿನ ಆಕ್ಸಲ್ ಹತ್ತಿರ, ಲೋಡಿಗೆ ತಕ್ಕಂತೆ ಬ್ರೇಕ್ ಒತ್ತಡ ಹಂಚುವ ವಾಲ್ವ್ ಕೆಲವು ಗಾಡಿಗಳಲ್ಲಿ ಇರುತ್ತದೆ. ಹೆಚ್ಚು ಲೋಡಿಗೆಂದು ಸ್ಪ್ರಿಂಗ್ ಪಟ್ಟಿ ಸೇರಿಸಿ ಸಸ್ಪೆನ್ಷನ್ ಎತ್ತರಿಸಿದಾಗ ಅದರ ಸೆಟ್ಟಿಂಗ್ ತಪ್ಪುತ್ತದೆ. ಅದನ್ನು ನೋಡುವವರೇ ಕಡಿಮೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಆ ಹುಡುಗನ ಗಾಡಿಗೆ ಸೆಮಿ ಮೆಟಾಲಿಕ್ ಹಾಕಿ, ಡಿಸ್ಕನ್ನು ಉಜ್ಜಿ, ಖಾಲಿ ಗಾಡಿ ತೆಗೆದುಕೊಂಡು ಇಬ್ಬರೂ ಹೊರಟೆವು. ಖಾಲಿ ರಸ್ತೆಯಲ್ಲಿ ಬ್ರೇಕ್ ಹಾಕಿ ವೇಗವನ್ನು 60ರಿಂದ 20 ಕಿ.ಮೀ.ಗೆ ಮೆಲ್ಲಗೆ ಇಳಿಸುವುದು, ಸ್ವಲ್ಪ ಓಡಿಸಿ ತಣಿಸುವುದು, ಮತ್ತೆ ಇಳಿಸುವುದು. ಹೀಗೆ ಇಪ್ಪತ್ತು ಸಲ. ಹೊಸ ಪ್ಯಾಡ್ ಡಿಸ್ಕಿಗೆ ಕೂರುವುದು ಹಾಗೆಯೇ. ಬೆಲ್ಲದ ಲೋಡ್ ಮರುದಿನಕ್ಕೆ ಇಟ್ಟುಕೋ ಅಂದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಲ್ಲ, ಎರಡನೇ ಗೇರಿನಲ್ಲೇ ಇಳೀತೀನಿ ಅಂತ ಮಾತನ್ನೂ ತಗೊಂಡೆ.