ಜಾರಿದ ಗುರುತಿನಿಂದ ವೇಗಕ್ಕೆ: ಡಿಕ್ಕಿಯ ಲೆಕ್ಕ ಬೆಳೆದು ಬಂದ ದಾರಿ

ಮಳೆಗಾಲದ ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಒಂದು ಡಿಕ್ಕಿ ಆಗಿದೆ ಎಂದಿಟ್ಟುಕೊಳ್ಳಿ. 1000 ಕಿಲೋ ಕಾರು, ನಿಂತಿದ್ದ 1500 ಕಿಲೋ ಜೀಪಿಗೆ ಹಿಂದಿನಿಂದ ಗುದ್ದಿದೆ. ಎರಡೂ ಸಿಕ್ಕಿಕೊಂಡು, ಚಕ್ರ ಉರುಳದೆ 9 ಮೀಟರ್ ಜಾರಿ ನಿಂತಿವೆ. ಕಾರಿನ ವೇಗ ಎಷ್ಟಿತ್ತು?

ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ 1644ರಲ್ಲಿ ಪ್ರಕಟಿಸಿದ ನಿಯಮ ನಂಬಿದರೆ ಜೀಪು ಅಲುಗಲೇಬಾರದು. ನಿಂತಿರುವ ದೊಡ್ಡ ವಸ್ತುವನ್ನು ಚಿಕ್ಕದು ಎಷ್ಟೇ ರಭಸದಿಂದ ಬಡಿದರೂ ಕದಲಿಸಲಾರದು ಎಂದಿದ್ದರು ಅವರು. ಡಿಕ್ಕಿಯಲ್ಲಿ ಚಲನೆಯ ಒಟ್ಟು ಮೊತ್ತ ಬದಲಾಗದು ಎಂಬ ಅವರ ಮೂಲ ಆಲೋಚನೆ ಮಾತ್ರ ಅಮೂಲ್ಯವಾದದ್ದು. ದಿಕ್ಕನ್ನು ಲೆಕ್ಕಕ್ಕೆ ಹಿಡಿಯದೆ ಹೋದದ್ದರಿಂದ ಅದು ಹಾದಿ ತಪ್ಪಿತು. 1668ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಈ ವಿಷಯ ಕೈಗೆತ್ತಿಕೊಂಡಾಗ ಇಂಗ್ಲೆಂಡಿನ ವಾಲಿಸ್, ರೆನ್, ಹಾಲೆಂಡಿನ ಹೈಗೆನ್ಸ್ ಉತ್ತರ ಬರೆದು ಕಳಿಸಿದರು. ಎದುರು ದಿಕ್ಕಿನ ಚಲನೆಗೆ ಋಣ ಚಿಹ್ನೆ ಹಾಕಿದರೆ ಸಂವೇಗ, ಅಂದರೆ ರಾಶಿ × ವೇಗ, ಎಲ್ಲ ಡಿಕ್ಕಿಗಳಲ್ಲೂ ಉಳಿಯುತ್ತದೆ. ಪುಟಿಯುವ ಗಟ್ಟಿ ಗುಂಡುಗಳಲ್ಲಿ ರಾಶಿ × ವೇಗದ ವರ್ಗದ ಮೊತ್ತವೂ ಉಳಿಯುತ್ತದೆ ಎಂದು ಹೈಗೆನ್ಸ್ ತೋರಿಸಿದರು. ಚಲನೆಯ ನಿಜವಾದ ಅಳತೆ ಇದೇ ಎಂದು 1686ರಲ್ಲಿ ಜರ್ಮನಿಯ ಗಣಿತಜ್ಞ ಲೈಬ್ನಿಜ್ ಪಟ್ಟು ಹಿಡಿದ ಮೇಲೆ ದಶಕಗಳ ಜಗಳ ನಡೆಯಿತು. ಹಾಲೆಂಡಿನ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದರು: ವೇಗ ಎರಡರಷ್ಟಾದರೆ ಗುಳಿ ನಾಲ್ಕರಷ್ಟು.

ರಸ್ತೆಯ ಮೇಲಿನ ಗುರುತೂ ವೇಗದ ವರ್ಗಕ್ಕೆ ತಕ್ಕಂತೆಯೇ ಉದ್ದವಾಗುತ್ತದೆ. ಆದ್ದರಿಂದ ಲೆಕ್ಕ ಕೊನೆಯಿಂದ ಮೊದಲಿಗೆ ಹೋಗಬೇಕು. ಮೊದಲು ಜಾರಿದ ಭಾಗ, ಅಲ್ಲಿ ಶಕ್ತಿಯ ನಿಯಮ, ಅಂದರೆ ಜೋಡಿಯ ಚಲನಶಕ್ತಿಯನ್ನೆಲ್ಲ (ರಾಶಿ × ವೇಗದ ವರ್ಗದ ಅರ್ಧ) ರಸ್ತೆಯ ಘರ್ಷಣೆ ತಿಂದುಹಾಕುತ್ತದೆ: ಒದ್ದೆ ಡಾಂಬರಿಗೆ ಘರ್ಷಣಾಂಕ (ರಸ್ತೆಯ ಹಿಡಿತದ ಅಳತೆ) 0.4, ಗುರುತ್ವದ ವೇಗೋತ್ಕರ್ಷ 9.8 ಎಂದು ಹಿಡಿದರೆ, ಜೋಡಿಯ ವೇಗ vಗೆ v² = 2 × 0.4 × 9.8 × 9 = 70.56. ಡಿಕ್ಕಿಯಾದ ಕೂಡಲೇ ಜೋಡಿಯ ವೇಗ ಸೆಕೆಂಡಿಗೆ 8.4 ಮೀಟರ್. ಆಮೇಲೆ ಡಿಕ್ಕಿ, ಅಲ್ಲಿ ಸಂವೇಗ; ಕಾರಿನ ವೇಗ u ಎಂದರೆ, 1000 × u = 2500 × 8.4. u = 21, ಅಂದರೆ ಗಂಟೆಗೆ ಸುಮಾರು 76 ಕಿ.ಮೀ.

ಡಿಕ್ಕಿಗೂ ಶಕ್ತಿಯ ನಿಯಮವನ್ನೇ ಹಚ್ಚಿದರೆ ಉತ್ತರ 48 ಕಿ.ಮೀ.ಗೆ ಇಳಿಯುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಕಾರಿನಲ್ಲಿದ್ದ 2,20,500 ಜೂಲ್‌ನಲ್ಲಿ ಡಿಕ್ಕಿಯ ನಂತರ ಚಲನಶಕ್ತಿಯಾಗಿ ಉಳಿದದ್ದು 88,200, ಮಿಕ್ಕ ಶೇ. 60 ಬಂಪರ್, ಬಾನೆಟ್, ಚಾಸಿ ನಜ್ಜುಗುಜ್ಜಾಗುವುದರಲ್ಲಿ, ಬಿಸಿಯಲ್ಲಿ, ಸದ್ದಿನಲ್ಲಿ ಹೋಯಿತು. ರಸ್ತೆಯ ಘರ್ಷಣೆ ಸಂವೇಗವನ್ನೂ ಕದಿಯುವುದಿಲ್ಲವೇ? ಡಿಕ್ಕಿ 0.1 ಸೆಕೆಂಡಿನಲ್ಲಿ ಮುಗಿದರೆ ಅದು ಕಳೆಯುವ ಸಂವೇಗ (ಕಿಲೋ × ಮೀಟರ್/ಸೆಕೆಂಡ್ ಲೆಕ್ಕದಲ್ಲಿ) 0.4 × 2500 × 9.8 × 0.1 = 980, ಒಟ್ಟು 21,000ದಲ್ಲಿ ಶೇ. 5ಕ್ಕೂ ಕಡಿಮೆ.

ಘರ್ಷಣಾಂಕವನ್ನು ಊಹಿಸಿ ಹಾಕುವುದು ಇದಕ್ಕಿಂತ ದೊಡ್ಡ ಅಪಾಯ. ಒಣ ರಸ್ತೆಯ 0.7 ಹಾಕಿದರೆ ಅದೇ ಗುರುತು 100 ಕಿ.ಮೀ. ಹೇಳುತ್ತದೆ. ಆಗುಂಬೆ ಘಾಟಿಯಂಥ ಕಡೆ ಇಳಿಜಾರನ್ನೂ ಅಳೆಯಲೇಬೇಕು. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ ಕೆಳಮುಖವಾಗಿ ಜಾರಿದ್ದರೆ 0.4ರ ಜಾಗದಲ್ಲಿ ಸುಮಾರು 0.3 ಬರಬೇಕು; ಆಗ ವೇಗ 65 ಕಿ.ಮೀ. ಆಸುಪಾಸು. ಜೀಪಿನ ಚಕ್ರಗಳು ಜಾರದೆ ಉರುಳಿದ್ದರೆ ಈ ಸೂತ್ರವೇ ನಡೆಯದು, ಹಾಗಾಗಿ ಟೇಪು ಹಿಡಿಯುವ ಮುನ್ನ ನಾಲ್ಕೂ ಟೈರಿನ ಗುರುತು ಬಿಡಿಬಿಡಿಯಾಗಿ ನೋಡಬೇಕು.