ಕೊಟ್ಟಿಗೆಯಿಂದ ಹೊರಟ ಚಳವಳಿ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರಿಗೆ ‘ಬೆಟ್ಟ’ ಅಂದರೆ ಬರೀ ಗುಡ್ಡವಲ್ಲ, ತೋಟದ ಬೆನ್ನಿಗಿರುವ ಕಾಡು. ಅಲ್ಲಿಂದ ಸೊಪ್ಪು ಕಡಿದು, ದರಕು (ಉದುರಿದ ಒಣ ಎಲೆ) ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ. ದನ ತುಳಿದು ಗೊಬ್ಬರವಾದ ಮೇಲೆ ಅದು ಅಡಿಕೆ ಮರದ ಬುಡ ಸೇರುತ್ತದೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಇಂಥ ಸೊಪ್ಪಿನ ಬೆಟ್ಟದ ಹಕ್ಕು ಇತ್ತು. ಕರ್ನಾಟಕದ ಪರಿಸರ ಚಳವಳಿಯ ಬೇರು ಹುಡುಕುವವರು ಕೊಟ್ಟಿಗೆಯಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಲೆಕ್ಕ.

ಬೆಟ್ಟದಾಚೆಯ ಕಾಡು ಸರ್ಕಾರದ್ದು. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿ ನಾನಾ ಜಾತಿಯ ಮರ ಬೋಳಿಸಿ ಸಾಗವಾನಿ ನೆಟ್ಟರು. ದನಕ್ಕೆ ಮೇವಾಗದ ಮರ ಅದು. ದಾಂಡೇಲಿಯಲ್ಲಿ ಕಾಗದ, ಪ್ಲೈವುಡ್ ಕಾರ್ಖಾನೆಗಳೆದ್ದವು. ಬೇಡ್ತಿ ನದಿಯ ಅಣೆಕಟ್ಟಿನಿಂದ ತೋಟಗಳೇ ಮುಳುಗುತ್ತವೆ ಎಂದಾಗ ತೋಟಿಗರು ತಜ್ಞರನ್ನು ಕರೆಸಿ ಯೋಜನೆಯ ಲಾಭ-ನಷ್ಟವನ್ನು ಹೊಸದಾಗಿ ಲೆಕ್ಕ ಹಾಕಿಸಿದರು. ಯೋಜನೆ ನಿಂತಿತು. ಲೆಕ್ಕದಲ್ಲಿ ಇಲ್ಲಿನ ತೋಟಿಗ ಸಮುದಾಯವಾದ ಹವ್ಯಕರನ್ನು ಸೋಲಿಸುವುದು ಸುಲಭವಲ್ಲ ಬಿಡಿ.

ಗಢವಾಲದಲ್ಲಿ 1973ರಲ್ಲಿ ಶುರುವಾದ, ಮರ ಅಪ್ಪಿ ಕಾಡು ಉಳಿಸುವ ಚಿಪ್ಕೋ ಚಳವಳಿಯ ಸುದ್ದಿ ಅಷ್ಟರಲ್ಲಿ ಇಲ್ಲಿಗೂ ಮುಟ್ಟಿತ್ತು. ಆ ಚಳವಳಿಯ ಮುಂದಾಳು ಸುಂದರಲಾಲ್ ಬಹುಗುಣ ಶಿರಸಿಗೆ ಬಂದು ಮಾತಾಡಿ ಹೋಗಿದ್ದರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಲಿನ ಗಂಡಸರು, ಹೆಂಗಸರು, ಮಕ್ಕಳು ಮಳೆಗಾಲದ ಕಾಡಿನಲ್ಲಿ ನಡೆದುಹೋಗಿ, ಕಡಿಯಲು ಹೊರಟಿದ್ದ ಮರ ಅಪ್ಪಿಕೊಂಡರು. ಹೆಸರೂ ಅದೇ ಆಯಿತು: ಅಪ್ಪಿಕೋ. ಎಕರೆಗೆ ಎರಡೇ ಮರ ಕಡಿಯುವುದು ಅನ್ನುತ್ತಿತ್ತು ಅರಣ್ಯ ಇಲಾಖೆ. ಆದರೆ ದೊಡ್ಡ ಮರವೊಂದು ಉರುಳಿದರೆ ಅಡಿಯ ಎಳೆಯ ಗಿಡಗಳೆಲ್ಲ ಜಜ್ಜಿಹೋಗುತ್ತವೆ, ಅವು ಯಾವ ಕಡತದಲ್ಲೂ ಇರುವುದಿಲ್ಲ. ಜನ ತೋರಿಸಿದ್ದು ಆ ಗಿಡಗಳನ್ನು. 38 ದಿನದ ಪಟ್ಟಿನ ಬಳಿಕ ಕಡಿತ ನಿಂತಿತು. ಕಾರ್ಯಕರ್ತ ಪಾಂಡುರಂಗ ಹೆಗಡೆ ಈ ಚಳವಳಿಯನ್ನು ಊರಿಂದೂರಿಗೆ ಒಯ್ದರು.

ಬಯಲುಸೀಮೆಯಲ್ಲಿ ಜಗಳ ಗೋಮಾಳದ್ದು. ಮರದ ತಿರುಳಿನಿಂದ ನೂಲಿನ ಎಳೆ ಮಾಡುವ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ ಮರ ಬೆಳೆಯಲೆಂದು ಸರ್ಕಾರ ಕಂಪನಿಯ ಜೊತೆ ಪಾಲುದಾರಿಕೆ ಮಾಡಿಕೊಂಡು ಊರೊಟ್ಟಿನ ಸುಮಾರು 75,000 ಎಕರೆ ನೆಲ ಗೊತ್ತುಮಾಡಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಅಂದರೆ ಇದೇ. ಹೋರಾಟಗಾರ ಎಸ್.ಆರ್. ಹಿರೇಮಠ, ಸಾಹಿತಿ ಶಿವರಾಮ ಕಾರಂತ ಮುಂತಾದವರು ಈ ಪಾಲುದಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೂ ಹೋಗಿದ್ದರು. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು.

ಕಾರವಾರದ ಕಡೆಯ ಕೈಗಾದಲ್ಲಿ ಮಾತ್ರ ಈ ಲೆಕ್ಕ ನಡೆಯಲಿಲ್ಲ. ಅಣುಸ್ಥಾವರ ಬೇಡವೆಂದ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ, ಲೋಕಸಭೆಗೇ ನಿಂತರು. ಸೋತರು. 2000ದ ಹೊತ್ತಿಗೆ ಅಲ್ಲಿ ವಿದ್ಯುತ್ ಹುಟ್ಟುತ್ತಿತ್ತು.